ರೈಲು ಹತ್ತಿದ ಟೆಸ್ಟ್ ಫೋನ್

ಮೊಬೈಲುಗಳಿಗೆ ಬ್ಲೂಟೂತ್ ಹೊಸದಾಗಿ ಬಂದ ಕಾಲ. ಬ್ಯೂನಾ ವಿಸ್ಟಾ ಬಡಾವಣೆಯ ಆಫೀಸಿನಲ್ಲಿ ಅದನ್ನು ಪರೀಕ್ಷಿಸುವುದೇ ನನ್ನ ಕೆಲಸವಾಗಿತ್ತು. ಸುತ್ತಲಿನ ಫೋನುಗಳನ್ನು ತಾನೇ ಹುಡುಕಿ, ಕನೆಕ್ಟ್ ಆಗಲೇ ಎಂದು ನಿಮಿಷಕ್ಕೊಮ್ಮೆ ಕೇಳುವ ಪ್ರೋಗ್ರಾಂ ಬರೆದು ಬೀಗುತ್ತಿದ್ದೆ. ಒಂದು ಸಂಜೆ ಅದನ್ನು ನಿಲ್ಲಿಸಲು ಮರೆತು, ಟೆಸ್ಟ್ ಫೋನನ್ನು ಬ್ಯಾಗಿಗೆ ಹಾಕಿಕೊಂಡು ಎಂಆರ್‌ಟಿ ರೈಲು ಹತ್ತಿದೆ.

ಪಕ್ಕದಲ್ಲಿ ನಮ್ಮ ಕಾಂಡೋ ಅಪಾರ್ಟ್‌ಮೆಂಟಿನ ಕನ್ನಡದ ಆಂಟಿ ಕೂತಿದ್ದರು. "ನೋಡಪ್ಪ, ಯಾರೋ ಆಗ್ಲಿಂದ ಕನೆಕ್ಟ್ ಮಾಡ್ಲಾ ಅಂತ ಕೇಳ್ತಾನೇ ಇದಾನೆ," ಎಂದು ತಮ್ಮ ಫೋನ್ ಕೊಟ್ಟರು.

ಪರಿಣತನ ಗತ್ತಿನಲ್ಲಿ, ಹೆಸರನ್ನೂ ಓದದೆ 'ನೋ' ಒತ್ತಿ ವಾಪಸ್ ಕೊಟ್ಟೆ. "ಯಾರೋ ಪೋಲಿ, ಆಂಟಿ. ಕೇರ್ ಮಾಡ್ಬೇಡಿ."

ಅವರ ಫೋನ್ ಮತ್ತೆ ಸದ್ದು ಮಾಡಿತು. ಆಂಟಿ ಪರದೆಯ ಮೇಲಿನ ಹೆಸರನ್ನು ಓದಿದರು, ಆಮೇಲೆ ನನ್ನ ಕೊರಳಿನ ಐಡಿ ಕಾರ್ಡನ್ನು. ಟೆಸ್ಟ್ ಫೋನಿಗೆ ನಾನು ಹೆಮ್ಮೆಯಿಂದ ನನ್ನದೇ ಹೆಸರಿಟ್ಟಿದ್ದೆ.

"ಪೋಲಿ ನೀನೇನಾ?"

"ಟೆಸ್ಟಿಂಗ್, ಆಂಟಿ," ಎಂದು ತೊದಲಿ, ಮುಂದಿನ ಸ್ಟೇಷನ್ನಿನಲ್ಲೇ ಇಳಿದುಬಿಟ್ಟೆ.