ವಾರ್ಡನ್ ಮೇಡಂ ಮತ್ತು ಒದ್ದೆ ಬಟ್ಟೆ

ಮೊನ್ನೆ ಬೆಳಿಗ್ಗೆ ಕಾಲೇಜಿಗೆ ಹೊರಟ ಮಗಳು ತನ್ನ ಕುರ್ತಾವನ್ನು ಮೂಗಿಗೆ ಹಿಡಿದು, "ಅಮ್ಮಾ, ನಾರ್ತಾ ಇದೆ" ಎಂದು ನನ್ನ ಕಡೆ ಎಸೆದಳು. ಹಾಸನದಲ್ಲಿ ವಾರದಿಂದ ಜಡಿಮಳೆ. ಮೆಷಿನ್ ಎಷ್ಟು ಹಿಂಡಿದರೂ ಬಟ್ಟೆ ಒಣಗಬೇಕಾದದ್ದು ಹೊರಗಿನ ಗಾಳಿಯಲ್ಲೇ. ಆ ಮುಗ್ಗಲು ವಾಸನೆ ಬಡಿದದ್ದೇ ತಡ, ನನಗರಿವಿಲ್ಲದೆ ಹಲ್ಲು ಕಚ್ಚಿಕೊಂಡೆ. ಕೆಲವರಿಗೆ ಹಳೆಯ ಬಟ್ಟೆಯ ವಾಸನೆಯಿಂದ ಅಜ್ಜಿ ನೆನಪಾಗುತ್ತಾರಂತೆ. ನನಗೆ ನೆನಪಾದದ್ದು ನಮ್ಮ ಹಾಸ್ಟೆಲಿನ ವಾರ್ಡನ್ ಮೇಡಂ.

ನಾನು ಅರಕಲಗೂಡಿನಿಂದ ಪದವಿ ಓದಲು ಹಾಸನಕ್ಕೆ ಬಂದಾಗ ಆ ಹಾಸ್ಟೆಲಿನ ಟೆರೇಸಿಗೆ ಆಗಲೇ ಬೀಗ ಬಿದ್ದಿತ್ತು. ಹುಡುಗಿಯರು ಮೇಲೆ ಹೋದರೆ ಎದುರು ಕಟ್ಟಡದ ಹುಡುಗರು ಸೀಟಿ ಹೊಡೆಯುತ್ತಿದ್ದರಂತೆ. ಸೀಟಿ ಹೊಡೆದವರಿಗೆ ಏನೂ ಆಗಲಿಲ್ಲ. ನಮಗೆ ಉಳಿದದ್ದು ಹಿತ್ತಿಲಿನ ಎರಡು ತಂತಿ. ಅಲ್ಲಿ ಬೇಸಿಗೆಯಲ್ಲೂ ಬಿಸಿಲು ಬೀಳುತ್ತಿರಲಿಲ್ಲ, ಗೋಡೆ ತುಂಬ ಪಾಚಿ. ಮೇಡಂ ಸೀರೆಗಳು ಮಾತ್ರ ಟೆರೇಸಿನ ಶೀಟಿನಡಿ ಗರಿಗರಿಯಾಗಿ ಒಣಗಿ ಇಳಿದು ಬರುತ್ತಿದ್ದವು.

ಬೀಗ ತೆಗೆಯಿರೆಂದು ಕೇಳಿದರೆ ಸಿಡುಕುತ್ತಿದ್ದರು. "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಹಾಸ್ಟೆಲ್ ಕಮಿಟಿಯವರು ಕೇಳೋದು ನನ್ನನ್ನ ಕಣ್ರೇ, ನಿಮ್ಮನ್ನಲ್ಲ!"

ಅದು ನಿಜವಿರಬಹುದು. ನನಗೆ ಜ್ವರ ಬಂದಾಗ ಅವರೇ ಗಂಜಿ ಮಾಡಿಸಿ ಕೊಟ್ಟಿದ್ದರು, ಅದೂ ನೆನಪಿದೆ. ಆದರೂ ಆ ಹೆಂಗಸಿನ ಮೇಲಿನ ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ.

ನನ್ನ ರೂಮಿನಲ್ಲಿ ಹಳೇಕೋಟೆ ಕಡೆಯ ಹುಡುಗಿಯೊಬ್ಬಳಿದ್ದಳು. ರೈತರ ಮಗಳು, ಮೂರೇ ಜೊತೆ ಬಟ್ಟೆ. ಮಳೆಗಾಲದಲ್ಲಿ ಒಂದು ಮೈಮೇಲೆ, ಎರಡು ತಂತಿಯ ಮೇಲೆ, ಮೂರೂ ಒದ್ದೆ. ಲೆಕ್ಕದಲ್ಲಿ ಎಷ್ಟು ಚುರುಕೆಂದರೆ ಸೀನಿಯರುಗಳೂ ಅವಳ ಮಂಚದ ಮೇಲೆ ಬಂದು ಕೂತು ಹೇಳಿಸಿಕೊಳ್ಳುತ್ತಿದ್ದರು. ಮುಟ್ಟಿನ ಬಟ್ಟೆಗಳನ್ನು ನಾವು ಪೆಟ್ಟಿಕೋಟಿನ ಕೆಳಗೆ ಬಚ್ಚಿಟ್ಟು ಒಣಹಾಕುತ್ತಿದ್ದೆವು... ಅವು ಒಣಗುತ್ತಲೇ ಇರಲಿಲ್ಲ. ಅರೆಬರೆ ಒದ್ದೆಯನ್ನೇ ಮತ್ತೆ ಬಳಸಿ ಅವಳ ತೊಡೆಸಂದಿಯಲ್ಲಿ ಹುಣ್ಣಾಗಿತ್ತು. ಕ್ಲಾಸಿಗೆ ಕಾಲಗಲಿಸಿ ನಡೆದು ಹೋಗುತ್ತಿದ್ದಳು.

ಆಷಾಢದ ಒಂದು ಭಾನುವಾರ, ಎಷ್ಟೋ ದಿನದ ಮಳೆಯ ನಂತರ ಬಿಸಿಲು ಬಂತು. ಅದು ಬಿದ್ದದ್ದು ರಸ್ತೆ ಕಡೆಯ ಬಾಲ್ಕನಿಯ ಮೇಲೆ. ನಾವಿಬ್ಬರೂ ಬಕೆಟ್ ಹೊತ್ತು ತಂದು ಕಂಬಿಯ ಉದ್ದಕ್ಕೂ ಎಲ್ಲವನ್ನೂ ಹರವಿದೆವು, ಯಾವುದನ್ನೂ ಮುಚ್ಚಿಡದೆ. ನೋಡನೋಡುತ್ತಾ ಉಳಿದ ರೂಮಿನವರೂ ಬಂದರು. ಕಂಬಿ ತುಂಬಿ ಹೋಯಿತು.

ಮೇಡಂ ಕೋಲು ಹಿಡಿದು ಬಂದರು. ಒಂದೊಂದನ್ನೇ ಕೋಲಿನಲ್ಲಿ ಎತ್ತಿ ಕೆಳಗಿನ ಕೆಸರಿಗೆ ಎಸೆದರು. ಕೊನೆಗೆ ಒಂದು ಮುಟ್ಟಿನ ಬಟ್ಟೆಯನ್ನು ಕೋಲಿನ ತುದಿಯಲ್ಲಿ ಎತ್ತಿ ಹಿಡಿದು, ಗೇಟಿನಲ್ಲಿದ್ದ ವಾಚ್‌ಮನ್ ನೋಡುತ್ತಿರುವಾಗಲೇ ಕೇಳಿದರು. "ಯಾರದ್ರೇ ಇದು? ಮಾನ ಮರ್ಯಾದೆ ಇರೋಳು ಬಂದು ತಗೊಂಡ್ಹೋಗ್ಲಿ."

ಹಳೇಕೋಟೆಯವಳು ಮುಂದೆ ಬಂದಳು. ಕೋಲಿನಿಂದ ಬಟ್ಟೆ ಬಿಡಿಸಿಕೊಂಡು, ಕೊಡವಿ, ಮತ್ತೆ ಅದೇ ಕಂಬಿಗೆ ಹಾಕಿದಳು.

"ನಂದೇ ಮೇಡಂ. ಇನ್ನೂ ಒಣಗಿಲ್ಲ. ಒಣಗಲಿ, ತಗೊಂಡೋಯ್ತೀನಿ."

ನಾನು ಕೆಳಗೆ ಓಡಿ ನಮ್ಮ ಬಟ್ಟೆಗಳನ್ನು ಕೆಸರಿನಿಂದ ಆರಿಸಿ ತಂದು ಅವಳ ಪಕ್ಕದಲ್ಲೇ ನಿಂತೆ. ಮೇಡಂ ಮುಖ ಬಿಳಿಚಿಕೊಂಡಿತು. ಕೋಲನ್ನು ಅಲ್ಲೇ ಬಿಟ್ಟು ಇಳಿದು ಹೋದರು.

ಎರಡು ದಿನ ಬಿಟ್ಟು ಅವಳ ಅಪ್ಪನನ್ನು ಕರೆಸಿದರು. ನನ್ನ ಅಪ್ಪ ಸರ್ಕಾರಿ ನೌಕರರು, ಕಮಿಟಿಯವರಿಗೆ ಗೊತ್ತಿದ್ದವರು. ಹಾಗಾಗಿ ನನಗೆ ಬರೀ ಬೈಗುಳ. ಅವಳ ಅಪ್ಪ ಪಂಚೆ ಮೊಣಕಾಲವರೆಗೆ ನೆನೆದು, ಆಫೀಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದರು.

"ಬಟ್ಟೆ ಒಣಾಕುದ್ದುಕ್ಕೆ ಇಲ್ಲೀಗಂಟ ಕರುಸುದ್ರಾ ಮೇಡಂ?"

"ಬಟ್ಟೆ ಅಲ್ಲ ರೀ. ಬೀದಿ ಹುಡುಗರಿಗೆ ಕಾಣೋ ಹಾಗೆ ಒಳಬಟ್ಟೆ ನೇತಾಕ್ತಾಳೆ. ಇಂಥೋಳನ್ನ ನಾನು ಇಟ್ಕೊಳ್ಳಲ್ಲ. ನಾಳೆ ಇನ್ನೇನಾದ್ರೂ ಆದ್ರೆ ನನ್ನ ಕೇಳ್ಬೇಡಿ."

ಬಾಗಿಲ ಹೊರಗೆ ನಿಂತಿದ್ದ ನನಗೆ ಆ ಮನುಷ್ಯನ ಕತ್ತು ಬಾಗಿದ್ದು ಕಾಣಿಸಿತು. 'ಇನ್ನೇನಾದ್ರೂ' ಎಂಬ ಆ ಒಂದು ಮಾತು ಅವರನ್ನು ಮುರಿದುಹಾಕಿತ್ತು. ಮಗಳು ವಿವರಿಸಲು ಬಾಯಿ ತೆರೆದಳು. ಅವರು ಅವಳತ್ತ ನೋಡಲೇ ಇಲ್ಲ.

"ನಡಿಯವ್ವ, ಊರ್ಗೋಗಾನ. ಓದಿದ್ದು ಸಾಕು."

ಹೊಳೆನರಸೀಪುರದ ಬಸ್ಸು ಹತ್ತಿಸಲು ನಾನೂ ಹೋಗಿದ್ದೆ. ಅವಳು ಅಳಲಿಲ್ಲ. ಕಿಟಕಿಯಿಂದ ಬಗ್ಗಿ, "ಪರೀಕ್ಷೆಗೆ ಬತ್ತೀನಿ ಕಣೆ, ಹಾಲ್ ಟಿಕೆಟ್ ಈಸ್ಕೊಂಡಿರು" ಎಂದಳು. ಈಸಿಕೊಂಡು ಕಾದೆ... ಬರಲಿಲ್ಲ. ಊರಿಗೆ ಬರೆದ ಕಾಗದಗಳಿಗೂ ಉತ್ತರವಿಲ್ಲ. ಆ ವರ್ಷವೇ ಚನ್ನರಾಯಪಟ್ಟಣದ ಕಡೆ ಮದುವೆ ಮಾಡಿಕೊಟ್ಟರೆಂದು ಯಾರೋ ಅಂದರು. ಯಾವ ಹಳ್ಳಿ ಎಂದು ಅವರಿಗೂ ಗೊತ್ತಿರಲಿಲ್ಲ.

ಮಗಳ ಕುರ್ತಾ ಎತ್ತಿಕೊಂಡು ನಿಂತಿದ್ದಾಗಲೇ ಫೋನ್ ಸದ್ದಾಯಿತು. ಹಳೆಯ ಹಾಸ್ಟೆಲ್ ಗೆಳತಿಯರ ವಾಟ್ಸ್ಯಾಪ್ ಗುಂಪು. ಮೇಡಂ ಹೋದರಂತೆ. ಹೂವಿನ ಹಾರ ಹಾಕಿದ ಫೋಟೋ, ಸಾಲುಸಾಲು ಕೈಮುಗಿದ ಚಿತ್ರಗಳು. 'ನಮ್ಮನ್ನು ತಾಯಿಯಂತೆ ಕಾಯ್ದವರು' ಎಂದು ಒಬ್ಬಳು ಬರೆದಿದ್ದಳು, ಅವತ್ತು ಅದೇ ಕಂಬಿಗೆ ಬಟ್ಟೆ ಹಾಕಿದ್ದವಳು.

ಕೈಮುಗಿಯಲು ನನ್ನಿಂದ ಆಗಲಿಲ್ಲ. ಸತ್ತವರ ಮೇಲೆ ಸಿಟ್ಟಿಟ್ಟುಕೊಳ್ಳಬಾರದಂತೆ. ಇರಲಿ, ನಾನು ಇಟ್ಟುಕೊಂಡಿದ್ದೇನೆ.

'ಹಳೇಕೋಟೆಯವಳ ನಂಬರ್ ಯಾರ ಹತ್ತಿರವಾದರೂ ಇದೆಯಾ?' ಎಂದು ಮಾತ್ರ ಬರೆದೆ. ಎಲ್ಲರೂ ಓದಿದ್ದಾರೆ. ಎರಡು ದಿನವಾಯಿತು, 'ಯಾರು ಅವಳು?' ಎಂದು ಒಬ್ಬಳು ಕೇಳಿದ್ದು ಬಿಟ್ಟರೆ ಬೇರೆ ಉತ್ತರವಿಲ್ಲ.