ಕೀಲ್ಪಾಕಿನ ಮನೆಯಲ್ಲಿ ಅಮ್ಮನ ತಿಥಿ

ಶ್ರೀಶ ತೀರಿಕೊಂಡು ಇವತ್ತಿಗೆ ಇಪ್ಪತ್ತಾರು ದಿನ. ಹೃದಯ ನಿಂತಿತು, ಅಷ್ಟೆ. ಐವತ್ತೆಂಟು ವಯಸ್ಸು. ನೋಡಲು ಬಂದ ನೆಂಟರಲ್ಲಿ ಅರ್ಧ ಜನ ಅವನ ಕಾಯಿಲೆಯ ಹೆಸರನ್ನು ಮೆಲ್ಲಗೆ ಆಡಿಕೊಂಡು ಹೋದರು. ಅವನ ಬಗ್ಗೆ ಹೇಳಬೇಕಾದದ್ದು ಬೇರೆ ಇದೆ.

ಕೀಲ್ಪಾಕಿನ ಒಂದು ಗಲ್ಲಿಯಲ್ಲಿ, ಮಾನಸಿಕ ಆಸ್ಪತ್ರೆಯಿಂದ ಬಿಡುಗಡೆಯಾದರೂ ತಮ್ಮ ಮನೆಗೆ ಹೋಗಲಾಗದ ಎಂಟು ಜನ ಒಟ್ಟಿಗಿರುವ ಮನೆಯೊಂದಿದೆ. ಹೊರಗಿನಿಂದ ಬೀಗ ಹಾಕುವುದಿಲ್ಲ. ಅಡುಗೆಗೆ ಕೈಹಚ್ಚಬೇಕು, ಅವರವರ ಬಟ್ಟೆ ಅವರೇ ಒಗೆಯಬೇಕು, ಮಾತ್ರೆ ತಪ್ಪಿಸಬಾರದು. ಶ್ರೀಶ ಅಲ್ಲಿ ಏಳು ವರ್ಷ ಇದ್ದ. ಹಿಂದೆ ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುತ್ತಿದ್ದವನು. ಸ್ಕೇಲಿಲ್ಲದೆ ಎಳೆದ ಗೆರೆಯೂ ನೆಟ್ಟಗಿರುತ್ತಿತ್ತು. ಮನಸ್ಸನ್ನು ಹದದಲ್ಲಿಟ್ಟ ಮಾತ್ರೆ ಆ ಕೈಗೆ ನಡುಕ ಹಚ್ಚಿತ್ತು. ಕಾಫಿ ಲೋಟ ಎತ್ತಿದರೆ ಕೆಳಗಿನ ಡಬರಾ ಬಟ್ಟಲಿಗೆ ತಾಗಿ ಕಟಕಟ ಅನ್ನುತ್ತಿತ್ತು.

ಹೋದ ವರ್ಷ ತಮ್ಮ ಪ್ರಮೋದ ತಿರುವಲ್ಲಿಕೇಣಿಯಿಂದ ಫೋನ್ ಮಾಡಿದ.

"ಅಣ್ಣಾ, ಈ ಸಲ ಅಮ್ಮನ ತಿಥಿಗೆ ನೀನೇ ಕೂತ್ಕೋ. ದೊಡ್ಡವನು ಇರೋವಾಗ ಚಿಕ್ಕವನು ಯಾಕೆ ಅಂತ ಆಚಾರ್ರು ಕೇಳ್ತಾನೇ ಇರ್ತಾರೆ. ಈಗ ಆರಾಮಾಗಿದೀಯಲ್ಲ?"

"ಇದೀನಪ್ಪ. ಬರ್ತೀನಿ."

ಹನ್ನೊಂದು ವರ್ಷದಲ್ಲಿ ಆ ಮನೆಯಿಂದ ಬಂದ ಮೊದಲ ಕರೆ ಅದು. ಮರುದಿನ ಸ್ನಾನದ ಮನೆಯಲ್ಲಿ ಶ್ರೀಶ ತರ್ಪಣ ಬಿಡುವವನಂತೆ ಅಂಗೈಯಲ್ಲಿ ನೀರು ತೆಗೆದುಕೊಂಡು ಹೆಬ್ಬೆರಳಿನ ಪಕ್ಕದಿಂದ ಬಿಟ್ಟು ನೋಡಿದ. ಅರ್ಧ ಮೊಣಕೈಗೆ ಇಳಿಯಿತು, ಅರ್ಧ ಕಾಲ ಮೇಲೆ ಚೆಲ್ಲಿತು. ಎಳ್ಳು ನೀರು ಹೀಗೆ ಚೆಲ್ಲುವುದನ್ನು ನೆಂಟರೆಲ್ಲ ಕಣ್ಣರಳಿಸಿ ನೋಡುವುದು ಅವನ ಕಣ್ಣಿಗೆ ಕಟ್ಟಿತು. ತಿಥಿಗೆ ಇನ್ನು ಒಂಬತ್ತು ದಿನ. ಅಂದಿನಿಂದಲೇ ಮಾತ್ರೆಯನ್ನು ನುಂಗದೆ ಕಾಗದದಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕತೊಡಗಿದ. ಆರು ವರ್ಷ ತಪ್ಪದವನು ಎಂದು ಅವನ ಮಾತ್ರೆ ಅವನ ಕೈಗೇ ಕೊಡುತ್ತಿದ್ದರು.

ಐದನೆಯ ದಿನ ಕೈಯ ನಡುಕ ನಿಂತಿತು. ಅಡುಗೆ ಮನೆಯಲ್ಲಿ ಕೂತು ಎರಡು ಕಿಲೋ ಬೀನ್ಸ್ ಹೆಚ್ಚಿ ಹಾಕಿದ. ಅಡುಗೆಯ ಸಾಕಮ್ಮ ಕೊಳ್ಳೇಗಾಲದ ಕಡೆಯವಳು. ತಟ್ಟೆ ನೋಡಿ ನಕ್ಕಳು.

"ಏನ್ ಅಯ್ನೋರೆ, ಇಷ್ಟು ಸಣ್ಣಕ್ಕೆ ಹೆಚ್ಚಿದ್ದೀರಿ? ಮದ್ವೆ ಮನೆ ಪಲ್ಯವಾ?"

"ಕೈ ಇವತ್ತು ಹೇಳಿದ ಮಾತು ಕೇಳ್ತಿದೆ, ಸಾಕಮ್ಮ."

"ಕೈ ಕೇಳ್ತದೆ, ಬಾಯಿ ಕೇಳ್ತಾ ಇಲ್ವಲ್ಲ. ಬೆಳಗಿಂದ ಒಂದೇ ಸಮ ಮಾತಾಡ್ತಾ ಇದ್ದೀರಿ. ಲೋಟನೂ ಸದ್ದು ಮಾಡ್ನಿಲ್ಲ. ಮಾತ್ರೆ ತಕ್ಕಂಡ್ರಾ?"

"ನೀನೇನು ಡಾಕ್ಟರಾ?"

"ಡಾಕ್ಟ್ರಲ್ಲ. ಆರು ವರ್ಷದಿಂದ ನಿಮ್ಗೆ ಕಾಫಿ ಕೊಡೋಳು."

ಸೆರಗಿಗೆ ಕೈ ಒರಸಿಕೊಂಡು ಅವಳು ನೇರ ಅನು ಇದ್ದ ಕೋಣೆಗೆ ಹೋದಳು. ಮೈಸೂರಿನ ಅನು ಆ ಮನೆಯನ್ನು ನೋಡಿಕೊಳ್ಳುವವಳು. ಅವಳು ಬೈಯಲಿಲ್ಲ. ಜೇಬಿನ ಪೊಟ್ಟಣವನ್ನು ಮೇಜಿನ ಮೇಲೆ ಇಡಿಸಿಕೊಂಡು ಡಾಕ್ಟರಿಗೆ ಫೋನ್ ಮಾಡಿದಳು. ಅವತ್ತಿನಿಂದಲೇ ಮಾತ್ರೆ ಮತ್ತೆ ಶುರುವಾಯಿತು, ಅವಳ ಕಣ್ಣೆದುರಿಗೆ.

"ತಿಥಿಗೆ ಹೋಗ್ಬೋದು ಸರ್, ನಿದ್ದೆ ಸರಿಹೋದ್ರೆ. ಜೊತೆಗೆ ನಾನೇ ಬರ್ತೀನಿ. ನಿಮ್ಮ ತಮ್ಮನಿಗೆ ಇದನ್ನ ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು."

ಎರಡು ದಿನದಲ್ಲಿ ನಿದ್ದೆ ಬಂತು. ಬಾಯಿ ಮುಚ್ಚಿಕೊಂಡಿದ್ದರೆ ಅವನು ಹೋಗಬಹುದಿತ್ತು. ಆದರೆ ಹನ್ನೊಂದು ವರ್ಷದ ಹಿಂದೆ ಹೀಗೆಯೇ ಮಾತ್ರೆ ಬಚ್ಚಿಟ್ಟು, ಅಪ್ಪನ ತಿಥಿಯಲ್ಲಿ ಎಲೆಯ ಮುಂದೆ ಕೂತಿದ್ದ ಬ್ರಾಹ್ಮಣರನ್ನು ಕೂಗಾಡಿ ಎಬ್ಬಿಸಿದ್ದ. ಬಡಿಸಿದ್ದೆಲ್ಲ ಹಾಗೇ ಉಳಿದಿತ್ತು. ಅಮ್ಮ ಅಂದು ಕಂಬ ಹಿಡಿದುಕೊಂಡು ನಿಂತಿದ್ದಳು. ಅದನ್ನು ಮರೆಯಲು ಅವನಿಗೆ ಯಾವ ಮಾತ್ರೆಯೂ ಸಹಾಯ ಮಾಡಿರಲಿಲ್ಲ. ಪ್ರಮೋದನಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದ.



"ಈ ವರ್ಷ ಬೇಡ ಅಣ್ಣಾ. ನಾನೇ ಮಾಡ್ತೀನಿ. ಕೋಪ ಮಾಡ್ಕೋಬೇಡ."

"ಇಲ್ಲಪ್ಪ. ಬ್ರಾಹ್ಮಣರ ಊಟ ಆಗಿ, ಪಿಂಡ ಇಟ್ಟಾದ್ಮೇಲೆ ಒಂದು ಫೋನ್ ಮಾಡು. ಅಲ್ಲೀವರೆಗೆ ನಾನೂ ಇಲ್ಲಿ ಊಟ ಮಾಡಲ್ಲ."

"ಖಂಡಿತ ಮಾಡ್ತೀನಿ."

ಬೆಳಗಿನ ಮಾತ್ರೆಯನ್ನು ಆ ಒಂದು ದಿನ ಮಧ್ಯಾಹ್ನದ ಊಟಕ್ಕೆ ಮುಂದೂಡಲು ಡಾಕ್ಟರು ಒಪ್ಪಿದರು. ಎರಡು ಗಂಟೆ ದಾಟಬಾರದು, ನೀರು ಮಾತ್ರ ಕುಡಿಯುತ್ತಲೇ ಇರಬೇಕು ಎಂದರು. ಅಷ್ಟಾದರೂ ಸಿಕ್ಕಿತಲ್ಲ ಎಂದುಕೊಂಡ. ನೀರು ಬಿಡುವ ಕೈ ತನ್ನದಲ್ಲದಿದ್ದರೂ ಹಸಿವು ತನ್ನದು.

ತಿಥಿಯ ದಿನ ತಣ್ಣೀರಲ್ಲಿ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, ವರಾಂಡದ ಕುರ್ಚಿಯಲ್ಲಿ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಒಳಗೆ ಉಳಿದವರು ಇಡ್ಲಿ ತಿಂದರು. ಈಗ ಸಂಕಲ್ಪ ಆಗಿರುತ್ತೆ, ಈಗ ಎಲೆ ಹಾಕಿರುತ್ತಾರೆ ಎಂದು ಮನಸ್ಸಿನಲ್ಲೇ ಒಂದೊಂದು ಹೆಜ್ಜೆ ಇಟ್ಟ. ಹನ್ನೆರಡಾಯಿತು. ಒಂದಾಯಿತು. ಫೋನಿಗೆ ಎರಡು ಕರೆ ಬಂದವು, ಎರಡೂ ಸಾಲ ಬೇಕೇ ಎಂದು ಕೇಳುವವರದು. ಎಲೆ ಮೇಲಿನ ಊಟ ನಿಧಾನವಾಗಿಯೇ ಆಗಬೇಕು, ಆತುರ ಕೂಡದು ಎಂದುಕೊಂಡ.

ಎರಡಕ್ಕೆ ಹತ್ತು ನಿಮಿಷ ಇರುವಾಗ ಅನು ಬಾಗಿಲಿಗೆ ಬಂದು ನಿಂತಳು. "ಸರ್, ಇನ್ನು ತಡ ಮಾಡೋ ಹಾಗಿಲ್ಲ."

ತಾನೇ ಫೋನ್ ಮಾಡಿದ. ಪ್ರಮೋದನ ಹೆಂಡತಿ ಶ್ರೀಪ್ರಿಯಾ ಎತ್ತಿದಳು.

"ಅಯ್ಯೋ ಭಾವಾ! ಹನ್ನೆರಡೂವರೆಗೇ ಎಲ್ಲಾ ಮುಗೀತು. ನಮ್ದೂ ಊಟ ಆಯ್ತು. ಇವರು ಆಫೀಸ್ ಕೆಲಸ ಅಂತ ಲ್ಯಾಪ್‌ಟಾಪ್ ಮುಂದೆ ಕೂತಿದಾರೆ. ಕರೀಲಾ?"

"ಬೇಡಮ್ಮ. ಚೆನ್ನಾಗಿ ಆಯ್ತಾ?"

"ಚೆನ್ನಾಗಾಯ್ತು. ಬಂದವರೆಲ್ಲಾ ತೃಪ್ತಿಯಾಗಿ ಊಟ ಮಾಡಿದ್ರು."

"ಸಂತೋಷ."

ಒಳಗೆ ಹೋದ. ಊಟದ ಮನೆಯಲ್ಲಿ ಯಾರೂ ಇರಲಿಲ್ಲ. ಸಾಕಮ್ಮ ಈರುಳ್ಳಿ ಹಾಕದೆ ಬೇರೆ ಮಾಡಿಟ್ಟಿದ್ದ ಸಾರನ್ನು ಬಿಸಿ ಮಾಡಿ ಬಡಿಸಿದಳು. ತಲೆ ಎತ್ತದೆ ಉಂಡ. ಮಾತ್ರೆ ನುಂಗಿದ. ತಟ್ಟೆ ತೊಳೆದಿಟ್ಟು ತನ್ನ ಕೋಣೆಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದ.

ಅವನು ಕೋಣೆಗೆ ಹೋದ ಮೇಲೆ ಸಾಕಮ್ಮ ಒಂದು ತಟ್ಟೆ ಹಾಕಿಕೊಂಡು ಒಲೆಯ ಪಕ್ಕ ಕೂತಳು. ಬೆಳಗಿನಿಂದ ಅವಳೂ ಏನೂ ತಿಂದಿರಲಿಲ್ಲ. ಅದನ್ನವಳು ಬಾಯಿಬಿಟ್ಟು ಹೇಳಿದ್ದು ಅವನು ತೀರಿಕೊಂಡ ಹದಿಮೂರನೆಯ ದಿನ. ಶ್ರೀಶನಿಗೆ ಕಡೆಯವರೆಗೂ ಗೊತ್ತಾಗಲಿಲ್ಲ.