ಪಾಳಿ ತಪ್ಪಿಸುತ್ತಿದ್ದ ಹೆಡ್ ಕ್ಲರ್ಕ್

ಅವರ ಕುತ್ತಿಗೆ ಬಲು ಉದ್ದ. ಅಂಗಿಯ ಮೇಲಿನ ಗುಂಡಿಯನ್ನೂ ಬಿಡದೆ ಹಾಕುತ್ತಿದ್ದರು, ಆದರೂ ಕಾಲರಿನ ಮೇಲೆ ನಾಲ್ಕು ಬೆರಳು ಕುತ್ತಿಗೆ ಉಳಿಯುತ್ತಿತ್ತು. ಕಿಟಕಿಯ ಮುಂದೆ ಎಷ್ಟೇ ಗರ್ದಿ ಇರಲಿ, ಆ ಕುತ್ತಿಗೆ ಚಾಚಿ ಎಲ್ಲರ ತಲೆಯ ಮೇಲಿಂದ ಹಿಂದಿನ ಬೆಂಚಿನ ಮೇಲೆ ಯಾರು ಕೂತಿದ್ದಾರೆ ಎಂದು ನೋಡುತ್ತಿದ್ದರು. ನಾವು ಕಿರಿಯ ಗುಮಾಸ್ತರು ಬೆನ್ನ ಹಿಂದೆ ಅವರನ್ನು ಕೊಕ್ಕರೆ ಎನ್ನುತ್ತಿದ್ದೆವು. ಆ ಹೆಸರಿಟ್ಟವನು ನಾನೇ.

ಚಿಕ್ಕೋಡಿ ಕಡೆಯ ಒಂದು ಸರಕಾರಿ ಕಚೇರಿ ಅದು. ಯಾವುದೆಂದು ಹೇಳಿ ಈಗ ಯಾರಿಗೇನು ಲಾಭ. ಎಂಬತ್ತರ ದಶಕದಲ್ಲಿ ನಾನು ಸೇರಿದಾಗ ಅವರು ಅಲ್ಲಿ ಹೆಡ್ ಕ್ಲರ್ಕ್. ಇಂಥ ಊರಲ್ಲೇ ವಾಸವೆಂಬ ರಹವಾಸಿ ದಾಖಲೆ ಬೇಕು, ಜಮೀನಿನ ಪಹಣಿ ಉತಾರ ಬೇಕು ಎಂದು ಸುತ್ತಲಿನ ಹಳ್ಳಿಗಳಿಂದ ದಿನವೂ ಜನ ಬರುತ್ತಿದ್ದರು. ಎಲ್ಲ ಕಡೆ ಮೊದಲು ಬಂದವರಿಗೆ ಮೊದಲು. ಇವರದು ಬೇರೆಯೇ. ಅರ್ಜಿ ತೆಗೆದುಕೊಳ್ಳುವಾಗ ಹೆಸರಿಗಿಂತ ಮೊದಲು ಕೇಳುತ್ತಿದ್ದರು: "ಹೊಳ್ಳಿ ಹೋಗೋ ಬಸ್ಸು ಎಷ್ಟಕ್ಕೈತ್ರಿ?"

ಆ ಹೊತ್ತನ್ನು ಅರ್ಜಿಯ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದರು. ಬೇಗ ಹೊರಡುವ ಬಸ್ಸಿನವರ ಅರ್ಜಿ ಮೇಲೆ, ಕಡೆಯ ಬಸ್ಸಿನವರದು ಕೆಳಗೆ. ಹನ್ನೆರಡಕ್ಕೆ ಬಂದ ಏಕಸಂಬಿಯ ಮುದುಕಿ ಒಂದಕ್ಕೆ ಕಾಗದ ಹಿಡಿದು ಹೋಗುತ್ತಿದ್ದಳು, ಹತ್ತಕ್ಕೇ ಬಂದು ಕೂತ ಪೇಟೆಯ ಸಾವಕಾರ ಮೂರರ ತನಕ ಕಾಯುತ್ತಿದ್ದ. ಅವನು ಸಿಟ್ಟಾದರೆ, "ನಿಮ್ಮ ಮನಿ ಎಲ್ಲೂ ಓಡಿ ಹೋಗಂಗಿಲ್ರಿ. ಆಕಿ ಬಸ್ಸು ಹೋಗತೈತಿ," ಎನ್ನುತ್ತಿದ್ದರು. ನನಗೆ ಇದೆಲ್ಲ ಶಿಸ್ತಿಲ್ಲದ ಕಾರಭಾರ ಅನಿಸುತ್ತಿತ್ತು.

ಅವರು ಜೈನರು, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಚಳಿಗಾಲದಲ್ಲಿ ಸಂಜೆಯ ಡಬ್ಬಿಯನ್ನೂ ತಂದು, ಕಚೇರಿ ಮುಗಿದ ಕೂಡಲೇ ಉಂಡು ತಮ್ಮೂರು ಬೇಡಕಿಹಾಳದ ಬಸ್ಸು ಹಿಡಿಯುತ್ತಿದ್ದರು. ಒಮ್ಮೆ ಡಬ್ಬಿಗೆ ಕೈ ಹಾಕುವಾಗ ಹಿಂದಿನ ಬೆಂಚಿನ ಮೇಲೆ ಒಬ್ಬ ಮುದುಕ ಕಂಡ. ಬೆಳಿಗ್ಗೆಯಿಂದ ಕೂತಿದ್ದನಂತೆ, ಯಾರನ್ನೂ ಏನೂ ಕೇಳಿರಲಿಲ್ಲ. ಇವರು ಕಡತ ಹುಡುಕಿ, ಕಾಗದ ಬರೆದು, ಸಹಿಗಾಗಿ ಸಾಹೇಬರ ಮನೆಗೇ ಹೋಗಿ ಬಂದರು. ಅಷ್ಟರಲ್ಲಿ ಹೊತ್ತು ಮುಳುಗಿತ್ತು. ಡಬ್ಬಿ ಹಾಗೆಯೇ ಕೈಚೀಲ ಸೇರಿತು.

"ಮುದುಕ ಬಾಯಿ ಬಿಟ್ಟು ಕೇಳಬೇಕಿತ್ತಲ್ರಿ ಸರ್," ಎಂದೆ.

"ಬಾಯಿದ್ದವ ಬರಗಾಲದಾಗೂ ಬದುಕ್ತಾನ ತಮ್ಮಾ. ಸುಮ್ಮ ಕುಂತವನ್ನ ನಾವ ಕೇಳಬೇಕು."

ಉಪವಾಸ ಬಿದ್ದವರು ಅವರು, ಬುದ್ಧಿ ಬರಬೇಕಿದ್ದದ್ದು ನನಗೆ. ಬರಲಿಲ್ಲ.

ಅವರು ನಿವೃತ್ತರಾದ ಕೆಲವು ವರ್ಷಕ್ಕೆ ಆ ಕುರ್ಚಿ ನನಗೆ ಬಂತು. ಬಂದವನೇ ತಗಡಿನ ನಂಬರು ಬಿಲ್ಲೆ ಮಾಡಿಸಿದೆ. ಬಂದ ಕ್ರಮದಲ್ಲಿ ಬಿಲ್ಲೆ, ಬಿಲ್ಲೆಯ ಕ್ರಮದಲ್ಲಿ ಕಾಗದ, ಯಾರನ್ನೂ ಏನೂ ಕೇಳುವ ಗೊಡವೆಯಿಲ್ಲ. ದಿನಕ್ಕೆ ಮೊದಲಿಗಿಂತ ಹೆಚ್ಚು ಅರ್ಜಿ ಮುಗಿಯತೊಡಗಿದವು. ಮೇಲಿನವರು ಎಲ್ಲರೆದುರು ಹೊಗಳಿದರು, ನಾನು ಉಬ್ಬಿ ಹೋದೆ.

ಒಂದು ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅವರೇ ಬಂದರು. ಮಗಳಿಗೊಂದು ರಹವಾಸಿ ದಾಖಲೆ ಬೇಕಿತ್ತು. "ಬಿಲ್ಲೆ ತಗೋರಿ ಸರ್," ಎಂದು ನಕ್ಕೆ. ಹಳೆಯ ಸಾಹೇಬರಿಗೂ ರಿಯಾಯಿತಿ ಇಲ್ಲವೆಂಬುದು ನಾಲ್ಕು ಜನಕ್ಕೆ ಕಾಣಲಿ ಎಂಬ ಹಮ್ಮು ನನಗಿತ್ತು, ಸುಳ್ಳೇಕೆ ಹೇಳಲಿ. ತಾವು ಕೂತಿದ್ದ ಕುರ್ಚಿಯ ಮುಂದೆ ನಿಂತು ವಶೀಲಿ ಹಚ್ಚುವವರಲ್ಲ ಅವರು. ಬಿಲ್ಲೆ ಹಿಡಿದು ಹಿಂದಿನ ಬೆಂಚಿಗೆ ಹೋಗಿ ಕೂತರು. ಎರಡು ಸಲ ನನ್ನ ಕಣ್ಣಿಗೆ ಬಿದ್ದರು, ನಾನು ಏನೂ ಕೇಳಲಿಲ್ಲ. ಪಾಳಿ ಬಂದಾಗ ನಾಲ್ಕು ಹೊಡೆದಿತ್ತು. ಕಾಗದ ಮಡಿಚಿ ಜೇಬಿಗಿಟ್ಟುಕೊಂಡು, "ಚಲೋ ನಡಸೀದಿ ತಮ್ಮಾ," ಎಂದು ಹೋದರು.

ಅವರನ್ನು ಬಸ್ಸಿಗೆ ಕಳಿಸಿ ಬಂದ ಸಿಪಾಯಿ ಹೇಳಿದ: "ಮಗಳ ಮಾಸ್ತರಕಿ ಟ್ರೇನಿಂಗಿನ ಅರ್ಜಿ ಇತ್ತಂತ್ರಿ. ಇವತ್ತ ಕಡೀ ದಿನ. ಈ ದಾಖಲಿ ಹಚ್ಚಿ ಐದರೊಳಗ ಬೆಳಗಾವಿಗೆ ಮುಟ್ಟಸಬೇಕಿತ್ತಂತ. ಒಂದೂವರಿ ಬಸ್ಸು ತಪ್ಪಿತು."

ಮರುದಿನವೇ ಬಿಲ್ಲೆಗಳನ್ನು ಕಟ್ಟಿಟ್ಟು ಪೆನ್ಸಿಲು ಹಿಡಿದೆ. ಅವರ ಮನೆಗೆ ಹೋಗಿ ತಪ್ಪಾಯಿತು ಎನ್ನುವುದಕ್ಕೆ ಮಾತ್ರ ಕಾಲು ಬರಲಿಲ್ಲ. ಈ ಭಾನುವಾರ, ಬರುವ ಭಾನುವಾರ ಎಂದುಕೊಳ್ಳುತ್ತ ಮೂರು ವರ್ಷ ಕಳೆದೆ. ಆ ಹುಡುಗಿಗೆ ಮುಂದಿನ ವರ್ಷವೇ ಮದುವೆಯಾಯಿತು, ಮಾಸ್ತರಕಿ ಅಲ್ಲಿಗೇ ನಿಂತಿತು.

ಅವರು ತೀರಿಕೊಂಡ ಮೂರನೆಯ ದಿನ ಮನೆಯವರನ್ನು ಮಾತಾಡಿಸಲು ಬೇಡಕಿಹಾಳಕ್ಕೆ ಹೋದೆ. ಮಗಳು ತವರಿಗೆ ಬಂದಿದ್ದಳು. ನೀರು ತಂದಿಟ್ಟು ಕೂತು ಹೇಳಿದಳು: "ಊರ ಮಂದಿಗೆಲ್ಲ ಬಸ್ಸು ಹಿಡಿಸಿದ ಅಪ್ಪ ನನ್ನ ಕೆಲಸಕ್ಕ ತಡಾ ಮಾಡಿದ ನೋಡ್ರಿ. 'ನಂದ ತಪ್ಪವ್ವಾ, ಮನಿ ಬಿಡೂದು ತಡಾ ಆತು' ಅಂದ. ಅವತ್ತಿಂದ ನಾ ಅವನ ಕೂಡ ನೆಟ್ಟಗ ಮಾತಾಡಲಿಲ್ಲ."

ನನ್ನ ಹೆಸರೇ ಎತ್ತಿರಲಿಲ್ಲ ಅವರು. ಜೀವಮಾನದಲ್ಲಿ ಒಂದು ದಿನವೂ ತಡ ಮಾಡದ ಮನುಷ್ಯ, ನನ್ನ ತಪ್ಪನ್ನು ತಮ್ಮ ತಡವೆಂದು ಹೇಳಿ ಮಗಳ ಮುನಿಸು ಹೊತ್ತು ಹೋಗಿದ್ದರು. ನಾನು ತಡೆಯಲಾರದೆ ಎಲ್ಲವನ್ನೂ ಹೇಳಿದೆ. ಬಿಲ್ಲೆ, ಹಮ್ಮು, ಹಿಂದಿನ ಬೆಂಚು, ಯಾವುದನ್ನೂ ಬಚ್ಚಿಡಲಿಲ್ಲ. ಅವಳು ಬೈಯಲಿಲ್ಲ, ಅಳಲೂ ಇಲ್ಲ. "ಇದನ್ನ ಅಪ್ಪ ಇದ್ದಾಗ ಬಂದು ಹೇಳಬೇಕಿತ್ತಲ್ರಿ ಕಾಕಾ," ಎಂದಳು.